ಕತ್ತಲೆ ಕಾಯುತ್ತಿದ್ದ ಮೇಷ್ಟ್ರು

ಅವರು ಸತ್ತ ಸುದ್ದಿಯನ್ನು ಫೋನಿನಲ್ಲಿ ಹೇಳಿದವನು ನನ್ನ ಜೊತೆ ಕಾಲೇಜಿನಲ್ಲಿ ಓದಿದವನು. ಹೇಳಿದ ಮೇಲೆ, “ಅಳಬ್ಯಾಡ ಕಣಮ್ಮ, ವಯಸ್ಸಾಗಿತ್ತು” ಅಂದ. ನಾನು ಅಳುತ್ತಿರಲಿಲ್ಲ. ಒಲೆಯ ಮೇಲೆ ಹಾಲಿಟ್ಟಿದ್ದೆ, ಅದು ಉಕ್ಕದಂತೆ ನೋಡಿಕೊಳ್ಳುತ್ತಿದ್ದೆ. ಮಂಡ್ಯದಲ್ಲಿ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಶ್ರದ್ಧಾಂಜಲಿ ಸಭೆ ಇಟ್ಟುಕೊಂಡಿದ್ದಾರಂತೆ. ಅವರ ಮೆಚ್ಚಿನ ಶಿಷ್ಯೆ ಅಂತ ನಾನು ಎರಡು ಮಾತಾಡಬೇಕಂತೆ. ಆಗಲ್ಲ ಅಂದೆ. ಯಾಕೆ ಅಂತ ಕೇಳಿದ. ಅಂಥ ಸಭೆಯಲ್ಲಿ ಒಳ್ಳೆಯದನ್ನೇ ಹೇಳಬೇಕು, ಸಭೆ ತುಂಬುವಷ್ಟು ಒಳ್ಳೆಯ ಮಾತು ನನ್ನ ಹತ್ತಿರ ಇಲ್ಲ ಅಂದೆ. ಅವನಿಗೆ ಬೇಜಾರಾಯಿತು. ಫೋನ್ ಇಟ್ಟ.

ಅಲ್ಲಿ ಹೇಳಲಾರದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಗೊತ್ತಿದ್ದವರಿಗೆ ಗೊತ್ತಾಗುತ್ತದೆ.

ಮೇಷ್ಟ್ರು ನಮಗೆ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟವರು. ಎತ್ತರದ ಆಳು, ಬಾಗಿದ ಬೆನ್ನು. ಸದಾ ಯಾರನ್ನೋ ಬೈಯಲು ತಯಾರಾದಂತೆ ಕೆಳದುಟಿ ಮುಂದೆ. ಪಾಠ ಮಾಡುವಾಗ ಬೆರಳ ತುದಿಯಿಂದ ಸೀಮೆಸುಣ್ಣದ ಚೂರನ್ನು ಚಿಮ್ಮುತ್ತಿದ್ದರು. ಯಾರಿಗೆ ತಗುಲಿತೋ ಅವರು ಎದ್ದು ಉತ್ತರ ಹೇಳಬೇಕು. ಮೊದಲ ವಾರವೇ ನನಗೆ ತಗುಲಿತು. ಎದ್ದು ನಿಂತೆ. ಯಾವ ಊರು ಅಂತ ಕೇಳಿದರು. ಬೆಸಗರಹಳ್ಳಿ ಹತ್ತಿರದ ನಮ್ಮ ಊರಿನ ಹೆಸರು ಹೇಳಿದೆ. ಅದು ಅವರ ಊರೂ ಹೌದು. ಅವರದು ಊರೊಳಗಿನ ಗೌಡರ ದೊಡ್ಡ ಮನೆ, ನಾಲೆಯ ಪಕ್ಕದ ಕಬ್ಬಿನ ಗದ್ದೆಗಳೆಲ್ಲ ಅವರವೇ.

“ಊರಲ್ಲಿ ಎಲ್ಲಿ?”

“ಕೇರಿಯಲ್ಲಿ ಸಾರ್.”

ಇಡೀ ತರಗತಿಯ ಮುಂದೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಅಲ್ಲಿಂದ ಫಿಸಿಕ್ಸ್‌ಗಂಟ ಬಂದಿದೀಯ. ಹೂಂ, ಕೂತ್ಕೊ” ಅಂದರು. ಪ್ರಶ್ನೆ ಕೇಳಲೇ ಇಲ್ಲ. ಕೆಲವರು ನಕ್ಕರು. ಆ ‘ಹೂಂ’ ಇವತ್ತಿಗೂ ನನ್ನ ಕಿವಿಯಲ್ಲಿದೆ.

ನಾನು ಓದಿ, ಬಿ.ಎಡ್. ಮುಗಿಸಿ, ಮದ್ದೂರು ತಾಲ್ಲೂಕಿನಲ್ಲೇ ಹೈಸ್ಕೂಲಿನ ವಿಜ್ಞಾನದ ಮೇಡಮ್ ಆದೆ. ಅವರು ನಿವೃತ್ತರಾಗಿ ಮಂಡ್ಯದ ಗುತ್ತಲಿನ ಮನೆಯಲ್ಲಿದ್ದರು. ಆ ಮನೆಯ ಹಿಂದಿನ ಶೆಡ್ಡಿನಲ್ಲಿ ಅವರು ಗಾಜು ಉಜ್ಜುತ್ತಿದ್ದಾರೆ ಎಂಬ ಸುದ್ದಿ ನಮ್ಮ ಊರಿಗೂ ಬಂತು. ತಟ್ಟೆಯಂಥ ದಪ್ಪ ಗಾಜು, ಅದರ ಮೇಲೆ ಮರಳಿನಂಥ ಪುಡಿ, ಇನ್ನೊಂದು ಗಾಜಿನಿಂದ ಉಜ್ಜುವುದು, ಗಾಜಿಟ್ಟ ಡ್ರಮ್ಮಿನ ಸುತ್ತ ನಡೆಯುತ್ತ ಮತ್ತೆ ಉಜ್ಜುವುದು. ವರ್ಷಗಟ್ಟಲೆ ಉಜ್ಜಿದರು. ಬೆಂಗಳೂರಿಗೆ ಕಳಿಸಿ ಬೆಳ್ಳಿಯಂಥ ಲೇಪ ಹಾಕಿಸಿದರು. ದೂರದರ್ಶಕಕ್ಕೆ ಹದಿನೆಂಟು ಇಂಚು ಅಗಲದ ಕನ್ನಡಿ ತಯಾರಾಯಿತು. ಪ್ಲೈವುಡ್ ಪೆಟ್ಟಿಗೆ, ಅಲ್ಯೂಮಿನಿಯಂ ಕೊಳವೆಗಳು, ಸುತ್ತ ಕಪ್ಪು ಬಟ್ಟೆ. ನಿಂತರೆ ಆಳಿಗಿಂತ ಎತ್ತರ, ಏಣಿ ಹತ್ತಿಯೇ ಕಣ್ಣಿಡಬೇಕು. ಅದನ್ನು ತಂದು ನಮ್ಮ ಕೇರಿಗೆ ಅಂಟಿಕೊಂಡಂತಿದ್ದ ತಮ್ಮ ಜಮೀನಿನ ಅಂಚಿನಲ್ಲಿ ಸಿಮೆಂಟಿನ ಕಟ್ಟೆ ಕಟ್ಟಿ ನಿಲ್ಲಿಸಿದರು. ಊರಿನವರು ಅದಕ್ಕೆ ಮೇಷ್ಟ್ರ ಫಿರಂಗಿ ಅಂದರು.

ಬಂದ ಮೊದಲ ತಿಂಗಳೇ ಅವರು ಊರಿನ ಅರ್ಧ ಜನರ ಜೊತೆ ಜಗಳವಾಡಿದ್ದರು. ಪಕ್ಕದ ಆಲೆಮನೆಯವನ ಮೇಲೆ, ಒಲೆಯ ಬೆಂಕಿ ಆಕಾಶಕ್ಕೆ ಹೊಡೆಯುತ್ತದೆ ಅಂತ. ಅವನು, “ಬೆಲ್ಲ ಕಾಯ್ಸೋದಾ, ನಿಮ್ ಚುಕ್ಕಿ ಕಾಯೋದಾ?” ಅಂತ ಕೇಳಿದ್ದಕ್ಕೆ ಅವನ ಜೊತೆ ಮಾತು ಬಿಟ್ಟರು. ಸ್ವಂತ ಅಣ್ಣನ ಮಗ ಹಿತ್ತಲಿಗೆ ಬಲ್ಬು ಹಾಕಿದರೆ ಕಲ್ಲಿನಿಂದ ಒಡೆದರು. ಬೈಕಿನಲ್ಲಿ ಬಂದವರನ್ನು ಹೆಡ್‌ಲೈಟು ಆರಿಸು ಅಂತ ದಾರಿಯಲ್ಲಿ ಅಡ್ಡ ನಿಂತು ಬೈದರು. ಕತ್ತಲೆಯೂ ಅವರ ಪಿತ್ರಾರ್ಜಿತ ಆಸ್ತಿ ಎಂಬಂತೆ ಆಡುತ್ತಿದ್ದರು.

ನೋಡಲು ಬಂದವರ ಗತಿಯೂ ಅದೇ. ಒಮ್ಮೆ ಮಂಡ್ಯದಿಂದ ಕಾರಿನಲ್ಲಿ ಬಂದ ಡಾಕ್ಟರೊಬ್ಬರು, “ಶನಿಗ್ರಹದ ಬಳೆ ತೋರಿಸ್ತೀರಾ ಸಾರ್?” ಅಂತ ಕೇಳಿದರು. “ಶನಿ ಬೇಕಾದ್ರೆ ದೇವಸ್ಥಾನಕ್ಕೆ ಓಗಿ ಎಳ್ಳೆಣ್ಣೆ ದೀಪ ಹಚ್ಚಿ” ಅಂತ ಕಳಿಸಿಬಿಟ್ಟರು. ಶನಿ, ಗುರು, ಚಂದ್ರ ಎಲ್ಲ ಅವರ ಪಾಲಿಗೆ ಮಕ್ಕಳಾಟ. ಅವರಿಗೆ ಬೇಕಾಗಿದ್ದುದು ಗೆಲಾಕ್ಸಿಗಳು. ಅದರಲ್ಲೂ ಒಂಟಿಯಾಗಿರುವಂಥವು ಅಲ್ಲ, ಜೋಡಿಗಳು. ಎರಡು ಗೆಲಾಕ್ಸಿಗಳು ಹತ್ತಿರ ಬಂದು ಒಂದನ್ನೊಂದು ಎಳೆದಾಡುವಾಗ ಅವುಗಳ ನಕ್ಷತ್ರಗಳು ಹೊರಕ್ಕೆ ಚೆಲ್ಲಿ ಉದ್ದನೆಯ ಬಾಲವಾಗುತ್ತವೆ. ಅಷ್ಟು ದೂರದ ಆ ಬಾಲ ಎಷ್ಟು ಮಸುಕೆಂದರೆ ಊರಾಚೆಯ ಒಂದು ಬಲ್ಬೂ ಅದನ್ನು ನುಂಗಿಬಿಡಬಲ್ಲದು. ಹಸ್ತಾ ನಕ್ಷತ್ರದ ಪಕ್ಕದಲ್ಲಿ ಅಂಥ ಒಂದು ಜೋಡಿ ಇದೆ. ಅದರ ಬಾಲವನ್ನು ತಾವೇ ಉಜ್ಜಿದ ಕನ್ನಡಿಯಲ್ಲಿ ಸ್ವಂತ ಕಣ್ಣಿನಿಂದ ನೋಡಬೇಕು ಎಂಬುದು ಅವರ ಹಟ. ಅದಕ್ಕೊಂದು ಹೆಸರಿದ್ದರೂ ಅವರು ಹೇಳುತ್ತಿದ್ದುದು ‘ಕಚ್ಚಾಡೋ ಜೋಡಿ’ ಅಂತಲೇ.

ನಾನು ಅಲ್ಲಿಗೆ ಹೋಗಿದ್ದು ಶಾಲೆಯ ಸಹೋದ್ಯೋಗಿಗಳ ಜೊತೆ, ಒಂದು ಸಂಜೆ. ಒಬ್ಬೊಬ್ಬರಾಗಿ ಏಣಿ ಹತ್ತಿ ಕಣ್ಣಿಟ್ಟು, “ಅಬ್ಬಾ, ಸೂಪರ್ ಸಾರ್” ಅಂದು ಇಳಿಯುತ್ತಿದ್ದರು. ನನ್ನ ಸರದಿ ಬಂತು. ಬರೀ ಕಪ್ಪು.

“ಏನೂ ಕಾಣ್ತಿಲ್ಲ ಸಾರ್.”

“ಸರ್ಯಾಗಿ ನೋಡು. ಅವ್ರಿಗೆಲ್ಲ ಕಾಣ್ತಲ್ಲ.”

“ನಂಗೆ ಕಾಣ್ತಿಲ್ಲ.”

ಅವರು ಜೋರಾಗಿ ನಕ್ಕು ಕೊಳವೆಯ ಬಾಯಿಗೆ ಹಾಕಿದ್ದ ಮುಚ್ಚಳ ತೆಗೆದು ತೋರಿಸಿದರು. ನನ್ನ ಸಹೋದ್ಯೋಗಿಗಳ ಮುಖ ನೋಡಲಾಗಲಿಲ್ಲ. “ಇವ್ರು ಮಕ್ಳಿಗೆ ಸೈನ್ಸ್ ಏಳ್ಕೊಡೋರು” ಅಂತ ಅವರನ್ನು ಕಳಿಸಿಬಿಟ್ಟು, ನನಗೆ ಮಾತ್ರ, “ನೀನು ಬತ್ತಾ ಇರು” ಅಂದರು. ಹೀಗೆ ನಾನು ಮೆಚ್ಚಿನ ಶಿಷ್ಯೆ ಆದೆ.

ಎರಡು ಬೇಸಿಗೆ ಹೋದೆ. ಕಲಿತೆ ಎಂಬುದನ್ನು ಅಲ್ಲಗಳೆಯುವುದಿಲ್ಲ. ಮಸುಕಾದದ್ದನ್ನು ನೇರವಾಗಿ ನೋಡಬಾರದು, ಅದರ ಪಕ್ಕಕ್ಕೆ ನೋಡಬೇಕು, ಆಗ ಕಣ್ಣಿನ ಅಂಚು ಅದನ್ನು ಹಿಡಿಯುತ್ತದೆ. ಫೋಟೊ ನೋಡಿಕೊಂಡು ಬರಬಾರದು, ಬಂದರೆ ಕಣ್ಣಿನ ಬದಲು ನೆನಪು ನೋಡುತ್ತದೆ. ಈ ಎರಡನ್ನೂ ಅವರು ಬೈದು ಬೈದು ಕಲಿಸಿದರು. “ಕಣ್ಣು ಬುಟ್ಕಂಡು ನಿಂತ್ರೆ ನೋಡ್ದಂಗಲ್ಲ ಕಣಮ್ಮ” ಅನ್ನುತ್ತಿದ್ದರು. ಫ್ಲಾಸ್ಕಿನಲ್ಲಿ ಕಾಫಿ ತಂದುಕೊಂಡು ಒಬ್ಬರೇ ಕುಡಿಯುತ್ತಿದ್ದರು. ನನಗೆ ಒಂದು ದಿನವೂ ಕೊಡಲಿಲ್ಲ. ಅದು ಜಿಪುಣತನವೋ, ಲೋಟ ಹಂಚಿಕೊಳ್ಳಬಾರದೆಂಬ ಮನೆಯ ಪಾಠವೋ, ಕೇಳಲು ಹೋಗಲಿಲ್ಲ. ನಾನೂ ಮನೆಯಿಂದ ಫ್ಲಾಸ್ಕು ಒಯ್ಯತೊಡಗಿದೆ.

ಒಮ್ಮೆ ಏನನ್ನೋ ಕೊಡಲು ಗುತ್ತಲಿನ ಮನೆಗೆ ಹೋಗಿದ್ದಾಗ ಅವರ ಹೆಂಡತಿ ಬಾಗಿಲಲ್ಲೇ ಮೆಲ್ಲಗೆ ಕೇಳಿದರು. “ಅದ್ರಲ್ಲಿ ಏನು ಕಾಣ್ತದವ್ವ? ನಂಗೊಂದಿನಾನೂ ತೋರಿಸ್ನಿಲ್ಲ.” ಒಳಗಿನಿಂದ ಮೇಷ್ಟ್ರು, “ಅವ್ಳಿಗೇನ್ ತಿಳೀತದೆ?” ಅಂದರು. ಆಕೆ ಸೆರಗಿನಿಂದ ಕೈ ಒರೆಸಿಕೊಂಡು ಒಳಗೆ ಹೋದರು.

ನಮ್ಮ ಕೇರಿಗೆ ಬೀದಿದೀಪ ಬಂದದ್ದು ಆ ಎರಡನೆಯ ಬೇಸಿಗೆ ಮುಗಿಯುವಾಗ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಊರೊಳಗೆ ಎಂದಿನಿಂದಲೋ ದೀಪಗಳಿದ್ದವು. ಕೇರಿಯ ಬಾಯಲ್ಲಿ, ನಾಲೆಯಿಂದ ಬರುವ ಮೋರಿಯ ಮೇಲೆ ಚಪ್ಪಡಿ ಹಾಸಿದ್ದ ಕಡೆ, ಒಂದು ಕಂಬ ಮಾತ್ರ ಇತ್ತು, ದೀಪ ಇರಲಿಲ್ಲ. ನೀರಿಗೆ, ಅಂಗಡಿಗೆ, ಬಸ್ಸಿಗೆ, ಎಲ್ಲದಕ್ಕೂ ಅದೇ ದಾರಿ. ಹಾವು ಹರಿಯುವ ಜಾಗ. ನನ್ನ ದೊಡ್ಡಮ್ಮ ಮತ್ತು ಕೇರಿಯ ಹೆಂಗಸರು ಪಂಚಾಯಿತಿಗೆ ಅಲೆದು ಅಲೆದು ಕೊನೆಗೆ ಒಂದು ಎಲ್‌ಇಡಿ ದೀಪ ಹಾಕಿಸಿಕೊಂಡರು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ದೊಡ್ಡಮ್ಮ. ಕೂಲಿ ಮಾಡಿ ಓದಿಸಿದವಳು. ದೀಪ ಹತ್ತಿದ ದಿನ ಮನೆಯಲ್ಲಿ ಬುದ್ಧನ ಫೋಟೊಗೆ ಹೂವಿಟ್ಟು, ಕೇರಿಯ ಮಕ್ಕಳಿಗೆಲ್ಲ ಪಾಯಸ ಮಾಡಿದ್ದಳು.

ಮಾರನೆಯ ದಿನವೇ ಮೇಷ್ಟ್ರು ಪಂಚಾಯಿತಿಗೆ ಹೋದರು. ಆ ದೀಪ ಅವರ ಕಟ್ಟೆಗೆ ನೇರ ಬೀಳುತ್ತಿತ್ತು, ನಿಜ. ನಾನೇ ಹೋಗಿ ಹೇಳಿದೆ: “ಸಾರ್, ದೀಪದ ಮೇಲೆ ತಗಡಿನ ಮುಸುಕು ಹಾಕಿಸೋಣ. ಬೆಳಕು ದಾರಿ ಮೇಲೆ ಮಾತ್ರ ಬೀಳ್ತದೆ. ಲೈನ್‌ಮನ್ ಹತ್ರ ನಾನು ಮಾತಾಡ್ತೀನಿ.”

“ನೆಲಕ್ಕೆ ಬಿದ್ದ ಬೆಳಕು ಮೇಲಕ್ಕೆ ಏಳಲ್ವಾ? ಅದು ಓಗ್ಬೇಕು ಅಂದ್ರೆ ಓಗ್ಬೇಕು.”

“ಹೆಂಗಸರು ಮಕ್ಕಳು ಓಡಾಡೋ ದಾರಿ ಸಾರ್.”

ಆಗ ಅವರು ಆ ಮಾತು ಹೇಳಿದರು. ಬೇಕೆಂದೇ, ನಿಧಾನವಾಗಿ ಹೇಳಿದರು. “ನಿಮ್ಮೋರು ಇಷ್ಟು ಕಾಲ ಕತ್ಲಲ್ಲೇ ಇದ್ರಲ್ಲಮ್ಮ. ಇನ್ನೆಲ್ಡು ವರ್ಸ ಇದ್ರೆ ಏನಾಯ್ತದೆ?”

ನನ್ನ ಫ್ಲಾಸ್ಕು ಎತ್ತಿಕೊಂಡು ಬಂದೆ.

ಪಂಚಾಯಿತಿಯ ಸಭೆಯಲ್ಲಿ ಅವರು ಭಾಷಣ ಮಾಡಿದರು. ಬೆಳಕಿನ ಮಾಲಿನ್ಯ ಅಂದರು, ಕತ್ತಲೆ ಒಂದು ಸಂಪತ್ತು ಅಂದರು, ವಿದೇಶಗಳಲ್ಲಿ ಅದನ್ನು ಕಾಪಾಡುತ್ತಾರೆ ಅಂದರು. ಮಾತು ಸುಳ್ಳಲ್ಲ. ಆದರೆ ಊರೊಳಗಿನ ದೀಪಗಳ ಬಗ್ಗೆ ಒಂದು ಮಾತೂ ಆಡಲಿಲ್ಲ. ಅಲ್ಲಿ ಕೂತಿದ್ದವರಲ್ಲಿ ಹೆಚ್ಚಿನವರು ಅವರ ನೆಂಟರು, ಅವರ ಹಳೆಯ ವಿದ್ಯಾರ್ಥಿಗಳು. ಚಪ್ಪಾಳೆ ತಟ್ಟಿದರು. ವಾರದೊಳಗೆ ರಿಪೇರಿ ಅಂತ ಹೇಳಿ ದೀಪ ಬಿಚ್ಚಿಕೊಂಡು ಹೋದರು. ರಿಪೇರಿಗೆ ಹೋದ ದೀಪ ವಾಪಸ್ ಬರಲಿಲ್ಲ.

ಮಳೆಗಾಲ ಶುರುವಾಗಿ ಮೋರಿಯ ಚಪ್ಪಡಿ ಒಂದು ಕಡೆ ಕುಸಿದಿತ್ತು. ಒಂದು ಸಂಜೆ, ದೀಪ ಹಚ್ಚುವ ಹೊತ್ತಿನಲ್ಲಿ, ಅಂಗಡಿಯಿಂದ ಸೀಗೆಪುಡಿ ತರುತ್ತಿದ್ದ ದೊಡ್ಡಮ್ಮ ಆ ಸಂದಿನಲ್ಲಿ ಕಾಲಿಟ್ಟಳು. ಸೊಂಟದ ಮೂಳೆ ಮುರಿಯಿತು. ಕೂಗಿ ಕೂಗಿ ಗಂಟಲು ಕಟ್ಟಿದ ಮೇಲೆ ಯಾರೋ ಕೇಳಿಸಿಕೊಂಡರು. ಆಟೊದಲ್ಲಿ ಮಲಗಿಸಿ ಮಂಡ್ಯದ ಆಸ್ಪತ್ರೆಗೆ ಒಯ್ಯುವಾಗ ದಾರಿಯುದ್ದಕ್ಕೂ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಪ್ರತಿ ಗುಂಡಿಗೂ ನನ್ನ ಕೈ ಹಿಂಡುತ್ತಿದ್ದಳು. ಸೊಂಟಕ್ಕೆ ರಾಡು ಹಾಕಿದರು. ಅವಳು ಮತ್ತೆ ಮೊದಲಿನಂತೆ ನಡೆಯಲಿಲ್ಲ. ಅಷ್ಟು ಓಡಾಡಿದ ಹೆಂಗಸು ಜಗಲಿಗೂ ಬಚ್ಚಲಿಗೂ ನಡುವೆ ಗೋಡೆ ಹಿಡಿದುಕೊಂಡು ಉಳಿದಳು.

ಆಸ್ಪತ್ರೆಯಿಂದ ನೇರ ಗುತ್ತಲಿಗೆ ನಡೆದು ಹೋದೆ. ಮೇಷ್ಟ್ರು ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಆದದ್ದನ್ನು ಹೇಳಿದೆ. ಪೇಪರ್ ಮಡಿಸದೆಯೇ ಕೇಳಿಸಿಕೊಂಡರು.

“ಒಂದು ಟಾರ್ಚು ಇಟ್ಕೊಬಾರ್ದಿತ್ತಾ?”

ನಾನು ಆವತ್ತು ಅವರಿಗೆ ಅಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಬೀದಿಯವರೆಲ್ಲ ಹೊರಗೆ ಬಂದಿದ್ದರು. ಅವರ ಹೆಂಡತಿ ಒಳಗಿನಿಂದ ನೀರು ತಂದು ನನ್ನ ಮುಂದೆ ಹಿಡಿದರು. ನಾನು ಕುಡಿಯಲಿಲ್ಲ. ಆಕೆಯ ಮೇಲೆ ಸಿಟ್ಟಿರಲಿಲ್ಲ, ಆದರೆ ಆ ಮನೆಯ ನೀರು ನನಗೆ ಬೇಡವಾಗಿತ್ತು.

ಮಾರನೆಯ ಬೆಳಿಗ್ಗೆ ಕೇರಿಯ ಹೆಂಗಸರೆಲ್ಲ ಪಂಚಾಯಿತಿ ಆಫೀಸಿನ ಬಾಗಿಲಿಗೆ ಅಡ್ಡ ಕೂತೆವು. ನಾನು ಶಾಲೆಗೆ ರಜೆ ಹಾಕಿ ಕೂತೆ. ಒಳಗಿದ್ದವರು ಹೊರಗೆ ಬರುವ ಹಾಗಿಲ್ಲ, ಹೊರಗಿದ್ದವರು ಒಳಗೆ ಹೋಗುವ ಹಾಗಿಲ್ಲ. ಕಾರ್ಯದರ್ಶಿ ಮೊದಲು ಬೈದ, ಆಮೇಲೆ ಸಮಾಧಾನ ಹೇಳಿದ, ಮಧ್ಯಾಹ್ನದ ಹೊತ್ತಿಗೆ ಫೋನ್ ಮಾಡಿದ. ಸಂಜೆಗೆ ಕಂಬಕ್ಕೆ ದೀಪ ಬಂತು. ಚಪ್ಪಡಿಯೂ ಬಂತು.

ಮೇಷ್ಟ್ರು ಆ ವಾರವೇ ಫಿರಂಗಿಯನ್ನು ಬಿಚ್ಚಿ ಟೆಂಪೊದಲ್ಲಿ ಹಾಕಿಸಿಕೊಂಡು ಮಳವಳ್ಳಿ ಕಡೆಗೆ ಹೊರಟುಹೋದರು. ಅಲ್ಲಿ ಅವರ ಸೋದರಳಿಯನದು ಕಲ್ಲುಬಂಡೆಯ ಜಮೀನು, ಸುತ್ತ ಊರಿಲ್ಲ. ಹೋಗುವಾಗ ನಮ್ಮ ಕೇರಿಯ ಬಾಯಲ್ಲಿ ಟೆಂಪೊ ನಿಲ್ಲಿಸಿ, ಆ ದೀಪದ ಕಂಬಕ್ಕೆ ಉಗಿದು ಹೋದರಂತೆ. ನೋಡಿದವರು ಹೇಳಿದರು. ಹೇಳಿದವರು ಸುಳ್ಳಾಡುವವರಲ್ಲ.

ವರ್ಷಗಳು ಕಳೆದವು. ಮಾತಿಲ್ಲ, ಮುಖ ನೋಡಿದ್ದಿಲ್ಲ. ಹೋದ ಬೇಸಿಗೆ ರಜೆಯಲ್ಲಿ ಅವರ ಫೋನ್ ಬಂತು. ಹೇಗಿದ್ದೀಯ ಅನ್ನಲಿಲ್ಲ.

“ಇಲ್ಲಿಗೆ ಬಂದ ವರ್ಸದಿಂದ್ಲೇ ಕಣ್ಣು ಮಂಜಾಗವೆ ಕಣಮ್ಮ. ಆಪರೇಶನ್ ಮಾಡಿದ್ರೂ ಬರ್ನಿಲ್ಲ. ನಡುವೆ ನೋಡುದ್ರೆ ಬರೀ ಕಪ್ಪು, ಅಂಚಲ್ಲಿ ನೋಡುದ್ರೆ ಬರೀ ಮಂಜು. ಇಲ್ಲಿ ಆಕಾಶ ಚೆನ್ನಾಗದೆ. ಒಂದ್ಸಲ ಬಂದು ನೋಡಿ ಏಳು.”

ಹೋದೆ. ಕನಿಕರದಿಂದ ಅಲ್ಲ. ಎರಡು ಬೇಸಿಗೆ ಹುಡುಕಿ ಕಾಣದೆ ಹೋದ ಆ ಬಾಲವನ್ನು ನನಗೂ ನೋಡಬೇಕಿತ್ತು. ಅವರ ಮೇಲಿನ ಸಿಟ್ಟಿಗೆ ಆಕಾಶವನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ. ದೊಡ್ಡಮ್ಮನಿಗೆ ಹೇಳಿಯೇ ಹೊರಟೆ. ಅವಳು, “ಓಗು. ಅಲ್ಲಿ ನೀರೂ ಕುಡೀಬ್ಯಾಡ” ಅಂದಳು.

ಮಳವಳ್ಳಿಯಲ್ಲಿ ಬಸ್ಸಿಳಿದಾಗ ಸೋದರಳಿಯ ಬೈಕಿನಲ್ಲಿ ಕಾಯುತ್ತಿದ್ದ. ಬಂಡೆಯ ಮೇಲೆ ಅದೇ ಕಪ್ಪು ಫಿರಂಗಿ ನಿಂತಿತ್ತು. ಮೇಷ್ಟ್ರು ಅದರ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಬಡವಾಗಿದ್ದರು. ಮುಖವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ ನನ್ನನ್ನು ನೋಡಿದರು, ಮಸುಕಾದ ಗೆಲಾಕ್ಸಿಯನ್ನು ನೋಡುವ ಹಾಗೆ. ಕತ್ತಲೆ ಇಳಿಯಿತು. ಚಂದ್ರನಿರಲಿಲ್ಲ. ಊಟದ ಹೊತ್ತಿಗೆಲ್ಲ ಹಸ್ತಾ ನಕ್ಷತ್ರ ಚೆನ್ನಾಗಿ ಮೇಲೆ ಬಂದಿತ್ತು. ಅವರು ಎದ್ದು ಕೊಳವೆಯನ್ನು ಕೈಯ ಅಂದಾಜಿನಲ್ಲೇ ತಿರುಗಿಸಿದರು. ನಾನು ಏಣಿ ಹತ್ತಿ ಉಳಿದದ್ದನ್ನು ಸರಿಮಾಡಿಕೊಂಡೆ.

ಬಹಳ ಹೊತ್ತು ನೋಡಿದೆ. ಮೊದಲು ಜೋಡಿ ಕಂಡಿತು, ಅದು ಮೊದಲೂ ಕಂಡದ್ದೇ. ಕಣ್ಣನ್ನು ಪಕ್ಕಕ್ಕೆ ಸರಿಸಿದೆ. ಕಾದೆ. ಆಮೇಲೆ ಅದು ಬಂತು. ಹೋಯಿತು. ಮತ್ತೆ ಬಂತು. ಅದೇ ಜಾಗದಲ್ಲಿ.

“ಕಾಣ್ತಾ?” ಕೆಳಗಿನಿಂದ ಕೇಳಿದರು.

“ಕಾಣ್ತು ಸಾರ್.”

ಏಣಿ ಅಲುಗಿತು. ಅವರು ಅದರ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. “ಯಾವ ಕಡೆಗೆ? ಎಷ್ಟು ಉದ್ದ? ಬಾಗ್ತದಾ? ಎಲ್ಲಿಗಂಟ ಬತ್ತದೆ? ಏಳು, ಬೇಗ ಏಳು.”

ನಾನು ಇಳಿದು ಬಂದೆ.

“ಹೇಳ್ತೀನಿ. ಅದಕ್ಕೂ ಮೊದಲು ನೀವೊಂದು ಮಾತು ಹೇಳಿ ಸಾರ್. ನಮ್ಮ ಕೇರಿ ಲೈಟು ಕೀಳಿಸಿದ್ದು ತಪ್ಪಾಯ್ತು ಅಂತ.”

ಅವರ ಕೆಳದುಟಿ ಮುಂದೆ ಬಂತು. “ಇದ್ನ ಏಳಿಸೋಕೆ ಬಂದಾ ಇಲ್ಲಿಗಂಟ?”

“ಅಲ್ಲ. ನೋಡೋಕೆ ಬಂದೆ. ನೋಡಾಯ್ತು.”

“ತಪ್ಪು ನಂದಲ್ಲ. ಆ ಲೈಟು ಇಲ್ದೇ ಇದ್ದಿದ್ರೆ, ನನ್ ಕಣ್ಣು ಸರ್ಯಾಗಿದ್ದಾಗ್ಲೇ, ನನ್ ಜಮೀನಲ್ಲೇ, ಇದು ನಂಗೆ ಕಂಡಿರೋದು. ನಿಮ್ಮೋರು ನನ್ ಕಣ್ಣು ಕಿತ್ಕಂಡ್ರಿ.”

“ನಮ್ಮ ದೊಡ್ಡಮ್ಮನ ಕಾಲೂ ಸರಿಯಾಗಿತ್ತು ಸಾರ್.”

ಅವರು ಕುರ್ಚಿಯಲ್ಲಿ ಕೂತರು. ಬಂಡೆ ಹಗಲಿನ ಕಾವನ್ನು ಇನ್ನೂ ಉಗುಳುತ್ತಿತ್ತು. ನಾನು ನಿಂತೇ ಇದ್ದೆ. ಒಂದೇ ಒಂದು ಮಾತು. ದೊಡ್ಡಮ್ಮನ ಹೆಸರು ಕೂಡ ಬೇಕಿರಲಿಲ್ಲ, ಅದು ಅವರಿಗೆ ಗೊತ್ತೂ ಇರಲಿಲ್ಲ. ತಪ್ಪಾಯ್ತು ಅಂದಿದ್ದರೆ ಸಾಕಿತ್ತು. ನಾನು ಅವರನ್ನು ಮತ್ತೆ ಏಣಿಯ ಬುಡಕ್ಕೆ ಕರೆದು, ಕಂಡದ್ದನ್ನೆಲ್ಲ, ಒಂದು ಚೂರೂ ಬಿಡದೆ ಹೇಳುತ್ತಿದ್ದೆ.

ಸ್ವಲ್ಪ ಹೊತ್ತಾದ ಮೇಲೆ ಸಣ್ಣ ದನಿಯಲ್ಲಿ, “ಎಷ್ಟು ಉದ್ದ ಇತ್ತು ಅಂತಾದ್ರೂ...” ಅಂದರು.

ನಾನು ಕಾದೆ. ಅವರು ಆ ಮಾತು ಹೇಳಲಿಲ್ಲ.

ಸೋದರಳಿಯನಿಗೆ ಬೈಕ್ ತೆಗೆಯಲು ಹೇಳಿದೆ. ಆ ರಾತ್ರಿ ಮಳವಳ್ಳಿಯಲ್ಲಿ ಗೆಳತಿಯ ಮನೆಯಲ್ಲಿ ಉಳಿದು ಬೆಳಿಗ್ಗೆ ಊರಿಗೆ ಬಂದೆ. ಅವರು ಇನ್ನೊಮ್ಮೆ ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ. ಈಗ ಅವರಿಲ್ಲ. ನನ್ನಲ್ಲಿ ಕ್ಷಮೆ ಹುಟ್ಟಿಲ್ಲ, ಹುಟ್ಟಿತೆಂದು ನಟಿಸುವುದೂ ಇಲ್ಲ.

ಆ ಬೆಳಿಗ್ಗೆ ಮನೆಗೆ ಬಂದಾಗ ದೊಡ್ಡಮ್ಮ ಜಗಲಿಯ ಮೇಲೆ ಕಾಲು ಚಾಚಿಕೊಂಡು ಕಡಲೆಕಾಯಿ ಬಿಡಿಸುತ್ತಿದ್ದಳು. “ಏನ್ ಕಂಡೆ?” ಅಂದಳು.

ಪಕ್ಕದಲ್ಲಿ ಕೂತು ಹೇಳಿದೆ. ಒಂದಕ್ಕೊಂದು ಒತ್ತಿಕೊಂಡ ಎರಡು ಹೊಗೆಯ ಉಂಡೆ. ಒಂದರ ಅಂಚು ದಪ್ಪ, ಇನ್ನೊಂದರ ಅಂಚು ಹರಿದ ಹಾಗೆ. ಅದರ ಬಗಲಿನಿಂದ ಹೊರಟ ಬಾಲ. ಬಾಲ ಅನ್ನುವಷ್ಟೂ ಇಲ್ಲ, ಕತ್ತಲೆಯೇ ಆ ಒಂದು ಕಡೆ ಸ್ವಲ್ಪ ತೆಳ್ಳಗಾದಂತೆ. ದಕ್ಷಿಣಕ್ಕೆ ನೇರ ಹೋಗಿ, ಆಮೇಲೆ ಮೆಲ್ಲಗೆ ಬಾಗಿ, ಒಂದು ಸಣ್ಣ ಚುಕ್ಕೆಯ ಹತ್ತಿರ ಬಂದು ಇಲ್ಲವಾಗುತ್ತದೆ.

“ಎಲ್ಡೂ ಗುದ್ದಾಡ್ಕಂಡವಾ?”

“ಹೂಂ. ಇನ್ನೂ ಗುದ್ದಾಡ್ತಾನೇ ಅವೆ.”

“ಅವುನ್ಗೆ ಏಳಿದ್ಯಾ?”

“ಇಲ್ಲ. ತಪ್ಪಾಯ್ತು ಅನ್ನಿ ಅಂದೆ, ಅನ್ನಲಿಲ್ಲ. ನಾನೂ ಹೇಳಲಿಲ್ಲ.”

ಅವಳು ಒಂದೆರಡು ಕಾಯಿ ಬಿಡಿಸಿದಳು. “ಸರ್ಯಾಗಿ ಮಾಡ್ದೆ ಬುಡು” ಅಂದಳು. ಆಮೇಲೆ ಮೊರವನ್ನು ಪಕ್ಕಕ್ಕೆ ತಳ್ಳಿ ನನ್ನ ಕಡೆ ತಿರುಗಿದಳು.

“ಇನ್ನೊಂದ್ಸಲ ಏಳು. ಆ ಬಾಲ ಎಲ್ಲಿಗಂಟ ಬಂದಿತ್ತು ಅಂದೆ?”

ನಾನು ಮೊದಲಿನಿಂದ ಹೇಳಿದೆ.